ಗಾಂಧಿ ಬಜಾರಿನಿಂದ ತಂದ ಮರದ ಅಕ್ಷರಗಳು ಮತ್ತು ಅಂಕಿ ಕಡ್ಡಿಗಳು

ಕಳೆದ ಮೇ ತಿಂಗಳಲ್ಲಿ ನಾಲ್ಕೂವರೆ ವರ್ಷದ ಮಗಳಿಗಾಗಿ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ 1,450 ರೂಪಾಯಿ ಕೊಟ್ಟು ಮರದ ಕಲಿಕಾ ಪೆಟ್ಟಿಗೆಯೊಂದನ್ನು ಕೊಂಡೆ. ವರ್ಣಮಾಲೆಯ 49 ಅಕ್ಷರಗಳನ್ನು ಕೊರೆದ ಬಿಲ್ಲೆಗಳೂ ಒಂದರಿಂದ ಹತ್ತರವರೆಗಿನ ಅಂಕಿ ಕಡ್ಡಿಗಳೂ ಅದರಲ್ಲಿವೆ. ತೀರ್ಥಹಳ್ಳಿ ಬಳಿಯ ನಮ್ಮ ಮನೆಯಲ್ಲಿ ಇಡೀ ಮಳೆಗಾಲ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಡ್ಡಿಗಳು ನಿಜಕ್ಕೂ ಚೆನ್ನಾಗಿವೆ. ಮಾಂಟೆಸರಿ ಶಾಲೆಗಳಲ್ಲಿ ಒಂದು ಮೀಟರ್ ಉದ್ದದವರೆಗೆ ಇರುವ ಕೆಂಪು ನೀಲಿ ಕೋಲುಗಳ ಕಿರುರೂಪ ಇವು: ಒಂದರ ಕಡ್ಡಿ 3 ಸೆಂ.ಮೀ., ಹತ್ತರದು 30 ಸೆಂ.ಮೀ., ಪ್ರತಿ 3 ಸೆಂ.ಮೀ.ಗೆ ಬಣ್ಣ ಬದಲಾಗುತ್ತದೆ. ಮಗಳು ಇಪ್ಪತ್ತರವರೆಗಿನ ಎಣಿಕೆಯನ್ನು ಹಾಡಿನಂತೆ ಒಪ್ಪಿಸುತ್ತಿದ್ದಳು. ಆದರೆ ಅಂಗಳದಲ್ಲಿ ಹರವಿದ ಅಡಿಕೆಯಲ್ಲಿ ಏಳನ್ನು ತಾ ಎಂದರೆ ಬೊಗಸೆ ತುಂಬ ತಂದು ಸುರಿಯುತ್ತಿದ್ದಳು. ಏಳರ ಕಡ್ಡಿಯ ತುದಿಗೆ ಮೂರರದನ್ನು ಜೋಡಿಸಿ, ಪಕ್ಕಕ್ಕೆ ಹತ್ತರದನ್ನು ಇಟ್ಟು, ಎರಡೂ ಸಾಲಿನ ತುದಿಯನ್ನು ಬೆರಳಿನಿಂದ ಸವರಿ "ಅಮ್ಮಾ, ಸಮ ಆಯ್ತು" ಎಂದ ದಿನದಿಂದ ಆ ಎಣಿಕೆಗೆ ಅರ್ಥ ಬಂತು. ಹತ್ತರ ಕಡ್ಡಿಯ ಮುಂದೆ ಒಂದನ್ನು ಇಟ್ಟರೆ ಹನ್ನೊಂದು, ಎರಡನ್ನು ಇಟ್ಟರೆ ಹನ್ನೆರಡು ಎಂದು ಹೇಳಿಕೊಡುವಾಗ, ನಮ್ಮ ಸಂಖ್ಯೆಗಳ ಹೆಸರಿನೊಳಗೇ ಹತ್ತು ಅಡಗಿರುವುದು ಬಹಳ ಅನುಕೂಲವಾಯಿತು.

ಅಕ್ಷರಗಳ ಬಗ್ಗೆ ಅಷ್ಟೇ ಸಂತೋಷದಿಂದ ಬರೆಯಲಾರೆ. ಕೊರೆದ ಗೆರೆಯಲ್ಲಿ ಬೆರಳಾಡಿಸಿ ತಿದ್ದಲು ಬಿಲ್ಲೆಗಳು ಹಿತವಾಗಿವೆ, ಅದು ನಿಜ. ಆದರೆ ಧ ಅಕ್ಷರದ ಕೆಳಗಿನ ಸೀಳು ಎಷ್ಟು ತೆಳುವಾಗಿದೆಯೆಂದರೆ ಬಣ್ಣ ತುಂಬಿ ಮುಚ್ಚಿಹೋಗಿದೆ, ಅದಕ್ಕೂ ದ ಅಕ್ಷರಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಪ್ರತಿ ಅಕ್ಷರಕ್ಕೂ ಒಂದೇ ಬಿಲ್ಲೆ ಇರುವುದು. ಸರ್ಕಾರಿ ಶಾಲೆಗಳ ನಲಿ ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂಬ ಗುಂಪಿನಿಂದ ಕಲಿಕೆ ಆರಂಭವಾಗುತ್ತದೆ. ಆ ಐದೇ ಅಕ್ಷರಗಳಲ್ಲಿ ಸರ, ಅಗಸ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ, ಮಗು ಮೊದಲ ವಾರವೇ ಓದಿದ ಸುಖ ಕಾಣುತ್ತದೆ. ನಾನೂ ಆ ದಾರಿಯನ್ನೇ ಹಿಡಿದೆ. ಅರಸ ಬರೆದು ಹಿಗ್ಗಿದ ಮಗಳು ಗರಗಸಕ್ಕೆ ಬಂದಾಗ "ಇನ್ನೊಂದು ಗ ಎಲ್ಲಿ?" ಎಂದು ಪೆಟ್ಟಿಗೆಯನ್ನೆಲ್ಲ ತಡಕಾಡಿದಳು.

ಕಾಗುಣಿತದ ಚಿಹ್ನೆಗಳಾಗಲಿ ಒತ್ತಕ್ಷರಗಳಾಗಲಿ ಇಲ್ಲವೇ ಇಲ್ಲ. ಕನ್ನಡದ ಓದು ಬಿಡಿ ಅಕ್ಷರಗಳಿಗೆ ನಿಲ್ಲುವಂಥದ್ದಲ್ಲ. ಗುಡಿಸು ಇಲ್ಲದೆ ಗಿಡವಿಲ್ಲ, ಓತ್ವವಿಲ್ಲದೆ ಕೋಳಿಯಿಲ್ಲ. ಕನ್ನಡದ ಮಕ್ಕಳಿಗೆಂದೇ ತಯಾರಿಸಿದ ವಸ್ತುವಿನಲ್ಲಿ ಇದನ್ನು ಮರೆತಿರುವುದು ನನಗೆ ನೋವು ತಂದಿತು. ಕೊನೆಗೆ ರಟ್ಟಿನ ಪಟ್ಟಿಗಳ ಮೇಲೆ ಗುಡಿಸು, ಕೊಂಬು, ಎತ್ವಗಳನ್ನು ಬರೆದು, ಕೊಂಬನ್ನು ಬಿಲ್ಲೆಯ ಬಲಪಕ್ಕಕ್ಕೆ, ಉಳಿದವನ್ನು ತಲಕಟ್ಟನ್ನು ಮುಚ್ಚುವಂತೆ ಇಟ್ಟು ಆಡಿಸಿದೆ. ಗ ಕ್ಷಣದಲ್ಲಿ ಗಿ ಆಗುವುದನ್ನು ಅವಳು ಮತ್ತೆ ಮತ್ತೆ ಮಾಡಿಸಿಕೊಂಡಳು. ಇನ್ನೊಂದು ಗ ಕೂಡ ಈಗ ರಟ್ಟಿನದೇ.

ಮಲೆನಾಡಿನವರು ಗಮನಿಸಬೇಕಾದ ಸಂಗತಿಯೊಂದಿದೆ. ಜುಲೈ ಬರುವಷ್ಟರಲ್ಲಿ ಪೆಟ್ಟಿಗೆಯ ಮರ ಉಬ್ಬಿ ಜಾರುಮುಚ್ಚಳ ತೆರೆಯದಂತಾಯಿತು, ಬಣ್ಣ ಹಚ್ಚದ ಹಿಂಬದಿಗೆ ಬೂಷ್ಟು ಹಿಡಿಯಿತು. ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡತೊಡಗಿದ ಮೇಲೆ ಸರಿಹೋಯಿತು. ಒಂದರ ಕಡ್ಡಿ ಬಹಳ ಚಿಕ್ಕದಾದ್ದರಿಂದ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸು ಮನೆಯಲ್ಲಿದ್ದರೆ ಎಚ್ಚರ ಬೇಕು.

ಕಡ್ಡಿಗಳು ಮಾತ್ರ ಬೇಕೆಂದರೆ 600 ರೂಪಾಯಿಗೆ ಬಿಡಿಯಾಗಿ ಸಿಗುತ್ತವೆಂದು ಅಂಗಡಿಯವರು ಆಮೇಲೆ ತಿಳಿಸಿದರು. ಅಷ್ಟನ್ನು ಕೊಳ್ಳಿ; ಅಕ್ಷರಗಳಿಗೆ ರಟ್ಟು, ಕತ್ತರಿ ಮತ್ತು ದಿನಕ್ಕೆ ಕಾಲು ಗಂಟೆ ಸಾಕು.