ಸಾಂಕ್ರಾಮಿಕದ ದಿನಗಳಲ್ಲಿ ಗೂಗಲ್ ಟ್ರೆಂಡ್ಸ್: ಏರಿದ ಗೆರೆ ಹೇಳುವುದೆಷ್ಟು?

ರೋಗವೊಂದು ಹಬ್ಬತೊಡಗಿದಾಗ ಜನ ವೈದ್ಯರ ಬಳಿ ಕೇಳಲು ಹಿಂಜರಿಯುವ ಪ್ರಶ್ನೆಯನ್ನೂ ಗೂಗಲ್‌ನಲ್ಲಿ ಹುಡುಕುತ್ತಾರೆ. ಅಂಥ ಹುಡುಕಾಟ ಯಾವ ವಾರ ಏರಿತು, ಯಾವ ವದಂತಿಯ ಬೆನ್ನು ಹತ್ತಿತು ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಸೇವೆ ಗೂಗಲ್ ಟ್ರೆಂಡ್ಸ್. 2006ರಿಂದ ಇರುವ ಈ ಸೇವೆಯನ್ನು ನಾನು ಮೆಚ್ಚುತ್ತೇನೆ. ಆದರೆ ಹುಡುಕಾಟದ ಏರಿಳಿತ ತೋರಿಸುವ ಇದರ ಗೆರೆಗಳನ್ನು ಅವಸರದಲ್ಲಿ ಓದಿದರೆ ಅವೇ ವದಂತಿಗೆ ಇಂಬು ಕೊಡುತ್ತವೆ.

5ಜಿ ತರಂಗಗಳಿಂದ ಕೊರೊನಾ ಹರಡುತ್ತದೆ ಎಂಬ ಪಿತೂರಿ ಕಥೆಯನ್ನೇ ನೋಡೋಣ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕೆಲವೆಡೆ ಮೊಬೈಲ್ ಗೋಪುರಗಳಿಗೆ ಬೆಂಕಿ ಹಚ್ಚುವ ಮಟ್ಟಕ್ಕೆ ಅದು ಹೋಯಿತು. ಆ ದೇಶವನ್ನೂ ಆ ತಿಂಗಳುಗಳನ್ನೂ ಆಯ್ದು 5ಜಿ, ಕೊರೊನಾ ಎಂಬ ಎರಡು ಪದಗಳನ್ನು ಒಟ್ಟಿಗೆ ಕೊಟ್ಟರೆ ಗೆರೆ ಕಡಿದಾಗಿ ಏರುತ್ತದೆ. ಪಕ್ಕದಲ್ಲಿ ಕೊರೊನಾವೈರಸ್ ಎಂಬ ಪದವನ್ನಷ್ಟೇ ಇಟ್ಟೊಡನೆ ಅದೇ ಗೆರೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಏಕೆಂದರೆ ಗೆರೆಯ ತುದಿಯಲ್ಲಿ ಕಾಣುವ 100 ಎಂಬುದು ಹುಡುಕಿದವರ ಸಂಖ್ಯೆಯಲ್ಲ. ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲು ಅತಿ ಹೆಚ್ಚಿದ್ದ ಗಳಿಗೆಗೆ ಕೊಟ್ಟ ಅಂಕ. ಸಂಬಂಧಿತ ಹುಡುಕಾಟಗಳ ಪಟ್ಟಿಯಲ್ಲಿ ಕಾಣುವ 'ಬ್ರೇಕ್‌ಔಟ್' ಎಂಬ ಗುರುತಿನದೂ ಇದೇ ಕಥೆ. ಶೇ. 5000ಕ್ಕೂ ಮೀರಿದ ಏರಿಕೆಗೆ ಆ ಗುರುತು ಸಿಗುತ್ತದೆ; ನಿನ್ನೆಯವರೆಗೆ ಯಾರೂ ಕೇಳದಿದ್ದ ಸುಳ್ಳು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಇದಕ್ಕಿಂತ ದೊಡ್ಡ ಕೊರತೆ, ಹುಡುಕಿದವರ ಮನಸ್ಸು ಇಲ್ಲಿ ಕಾಣುವುದಿಲ್ಲ. ವದಂತಿಯನ್ನು ನಂಬಿದವರು, ಅನುಮಾನಿಸಿದವರು, ಸುಳ್ಳೆಂದು ಮನೆಯವರಿಗೆ ತೋರಿಸಲು ಪುರಾವೆ ಹುಡುಕಿದವರು, ಎಲ್ಲರೂ ಒಂದೇ ಗೆರೆಯಲ್ಲಿ ಸೇರಿಹೋಗುತ್ತಾರೆ. ಗೂಗಲ್ಲಿನದೇ ಆದ ಫ್ಲೂ ಟ್ರೆಂಡ್ಸ್ ಎಡವಿದ್ದನ್ನು ಇಲ್ಲಿ ನೆನೆಯಬೇಕು. ಹುಡುಕಾಟದಿಂದಲೇ ಫ್ಲೂ ಜ್ವರದ ಹರಡುವಿಕೆಯನ್ನು ಅಳೆಯಲು 2008ರಲ್ಲಿ ಆರಂಭವಾದ ಆ ಸೇವೆ 2009ರ ಎಚ್1ಎನ್1 ಮೊದಲ ಅಲೆಯನ್ನು ಸರಿಯಾಗಿ ಗುರುತಿಸಲಿಲ್ಲ, 2012-13ರ ಚಳಿಗಾಲದಲ್ಲಿ ಅಮೆರಿಕದ ಜ್ವರದ ಪ್ರಮಾಣವನ್ನು ಸುಮಾರು ಎರಡು ಪಟ್ಟು ಹೆಚ್ಚಾಗಿ ಅಂದಾಜಿಸಿತು, 2015ರಲ್ಲಿ ನಿಂತಿತು. ಸುದ್ದಿಯ ಅಬ್ಬರಕ್ಕೆ ಅಂಜಿ ಆರೋಗ್ಯವಂತರೂ ಹುಡುಕಿದ್ದು ಅದಕ್ಕೊಂದು ಕಾರಣವಿರಬಹುದೆಂದು ತಜ್ಞರು ಹೇಳಿದ್ದರು.

ಹಾಗೆಂದು ಇದನ್ನು ಬದಿಗಿಡುವಂತಿಲ್ಲ. ಹೊಸ ಹೆಸರೊಂದು ಜನರ ಬಾಯಿಗೆ ಬಿದ್ದ ಮೊದಲ ದಿನಗಳಲ್ಲಿ ಅದರ ಬಗ್ಗೆ ವೈದ್ಯರು ಬರೆದದ್ದು ಇರುವುದಿಲ್ಲ, ವದಂತಿ ಹಬ್ಬಿಸುವವರು ಬರೆದದ್ದು ಇರುತ್ತದೆ. ಆ ಖಾಲಿ ಜಾಗ ಎಲ್ಲಿದೆ ಎಂದು ಆರೋಗ್ಯ ಇಲಾಖೆಯವರಿಗೆ ಬೇಗ ತೋರಿಸಬಲ್ಲ ಸಾಧನ ಇದು. ಖಾಸಗಿ ಸಂದೇಶಗಳಲ್ಲಿ ಓಡಾಡುವ ಸುಳ್ಳು ಮಾತ್ರ, ಯಾರಾದರೂ ಅದನ್ನು ಹುಡುಕುವವರೆಗೆ, ಇದರ ಕಣ್ಣಿಗೆ ಬೀಳುವುದಿಲ್ಲ.

ನನ್ನ ಬೇಡಿಕೆ ಒಂದೇ. ಅಂಕಗಳ ಅರ್ಥ ಈಗ ಗೆರೆಯ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯೊಳಗೆ ಅಡಗಿದೆ. ಜನ ಹಂಚಿಕೊಳ್ಳುವ ಸ್ಕ್ರೀನ್‌ಶಾಟ್‌ನಲ್ಲಿ ಅದು ಬರುವುದಿಲ್ಲ. ಆ ವಿವರಣೆಯನ್ನು ಚಿತ್ರದ ಮೇಲೆಯೇ ಅಚ್ಚು ಮಾಡಬೇಕು.