ಬಿಲ್ಡ್ ನಿರ್ವಹಣೆಯ ಹೆಸರಿನಲ್ಲಿ ಒಂದೇ ಒಂದು ಪದಕ್ಕೆ 12,000 ರೂಪಾಯಿ ತೆತ್ತೆ

ಕಾಸರಗೋಡಿನ ಬದಿಯಡ್ಕದಲ್ಲಿದ್ದುಕೊಂಡು ಅಡಿಕೆ ಖರೀದಿ ಅಂಗಡಿಗಳಿಗೆ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಒದಗಿಸುವ ನಾನು ಮೋಸಹೋದ ಬಗೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಮೋಸ ಮಾಡಿದ ವ್ಯಕ್ತಿ ಈಗ ಕುಂಬಳೆ, ಉಪ್ಪಳದ ಕಡೆಗೂ ಕೆಲಸ ಹಿಡಿಯುತ್ತಿದ್ದಾರೆಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಕೋಡ್ ತಿದ್ದಿದಾಗಲೆಲ್ಲ ಹೊಸ ಆವೃತ್ತಿ ತಾನಾಗಿ ತಯಾರಾಗುವ (ಇದಕ್ಕೇ ಬಿಲ್ಡ್ ಎನ್ನುವುದು) ವ್ಯವಸ್ಥೆಯನ್ನು, ಕೋಡ್ ಇಡುವ ಆನ್‌ಲೈನ್ ತಾಣ ಗಿಟ್‌ಹಬ್‌ನ 'ಆಕ್ಷನ್ಸ್' ಸೌಲಭ್ಯದಲ್ಲಿ ಮಾಡಿಕೊಟ್ಟವರು ಅವರೇ. ಅದನ್ನು ನೋಡಿಕೊಳ್ಳಲೆಂದು ವರ್ಷಕ್ಕೆ 18,000 ರೂಪಾಯಿಯನ್ನು ಮೊದಲೇ ಪಡೆದಿದ್ದರು. ಖಾತೆ ಅವರ ಇಮೇಲ್‌ನಲ್ಲಿತ್ತು, ಕೋಡ್ ಬದಲಿಸುವ ಅನುಮತಿ ಮಾತ್ರ ನನಗಿತ್ತು. ಇದು ನನ್ನ ಮೊದಲ ದಡ್ಡತನ.

ನಮ್ಮ ಬಿಲ್ಡ್ ಓಡುತ್ತಿದ್ದುದು ಗಿಟ್‌ಹಬ್‌ನವರು ಒದಗಿಸುವ ಉಬುಂಟು 20.04 ಇಮೇಜಿನಲ್ಲಿ, ಎಂದರೆ ಆ ಆಪರೇಟಿಂಗ್ ಸಿಸ್ಟಂ ತುಂಬಿದ ಸಿದ್ಧ ಯಂತ್ರದಲ್ಲಿ. 2025ರ ಏಪ್ರಿಲ್ 15ಕ್ಕೆ ಅದನ್ನು ತೆಗೆಯುವ ವಿಷಯವನ್ನು ಗಿಟ್‌ಹಬ್‌ನವರು ಮೊದಲೇ ಪ್ರಕಟಿಸಿದ್ದರು. ಬಳಸುವವರ ಗಮನಕ್ಕೆ ಬರಲೆಂದು ಮಾರ್ಚ್ ತಿಂಗಳ ನಿಗದಿತ ದಿನಗಳಲ್ಲಿ ಕೆಲವು ಗಂಟೆಗಳ ಕಾಲ ಬಿಲ್ಡ್‌ಗಳನ್ನು ಬೇಕೆಂದೇ ವಿಫಲಗೊಳಿಸಿದ್ದರು. ಹಾಗೆ ಎರಡು ಸಲ ನಮ್ಮದು ವಿಫಲವಾಗಿ ಕೆಂಪು ಗುರುತು ಬಂದಾಗ ಅವರಿಗೆ ಕರೆ ಮಾಡಿದೆ. "ನೆಟ್‌ವರ್ಕಿನ ತೊಂದರೆ ಅಣ್ಣಾ, ನಾಳೆಗೆ ಸರಿಯಾಗ್ತದೆ" ಎಂದರು. ಮರುದಿನಕ್ಕೆ ಸರಿಯೂ ಆಯಿತು! ಆ ಕೆಂಪು ಗುರುತನ್ನು ಒತ್ತಿ ನೋಡಿದ್ದರೆ ಕಾರಣ ಒಳಗೇ ಬರೆದಿತ್ತು. ನಾನು ಒತ್ತಲಿಲ್ಲ.

ವಿಷುವಿನ ಮರುದಿನ ಬಿಲ್ಡ್ ನಿಂತಿತು. ಪೆರ್ಲದ ಅಂಗಡಿಯೊಂದರಲ್ಲಿ ಗೋಣಿಯ ತೂಕ ಕಳೆಯುವ ಲೆಕ್ಕ ತಪ್ಪುತ್ತಿದ್ದುದರಿಂದ ತಿದ್ದುಪಡಿ ಅಂದೇ ತಲುಪಬೇಕಿತ್ತು. ಆಗ ಅವರು, "ಇದು ನಿರ್ವಹಣೆಯಲ್ಲ ಅಣ್ಣಾ, ಮೈಗ್ರೇಶನ್, ಹೊಸ ಇಮೇಜಿಗೆ ಸಾಗಿಸುವುದು. ಅದು ಬೇರೆ ಕೆಲಸ" ಎಂದು 12,000 ಕೇಳಿದರು. ಕೊಟ್ಟೆ. ಅರ್ಧ ಗಂಟೆಯಲ್ಲಿ, ಬಿಲ್ಡ್ ಯಶಸ್ವಿಯಾಯಿತೆಂಬ ಹಸಿರು ಗುರುತಿನ ಸ್ಕ್ರೀನ್‌ಶಾಟ್ ವಾಟ್ಸಾಪಿಗೆ ಬಂತು.

ಅಂಗಡಿಯ ಕಂಪ್ಯೂಟರಿನಲ್ಲಿ ಆ ಆವೃತ್ತಿ ತೆರೆಯಲೇ ಇಲ್ಲ, ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಂಗಳು ಓಡಲು ಬೇಕಾದ ಮೂಲ ಲೈಬ್ರರಿ) 2.38 ಇಲ್ಲವೆಂಬ ಸಂದೇಶ ಬಂತು. ತಿಳಿಸಿದರೆ, "ನನ್ನಲ್ಲಿ ಓಡ್ತದಲ್ಲಾ" ಎಂದರು. ಮತ್ತೆ ಕೇಳಿದ್ದಕ್ಕೆ, "ಅಂಗಡಿಯವರ ಕಂಪ್ಯೂಟರ್ ಹಳತು, ಹೊಸತು ತೆಗೊಳ್ಳಲಿಕ್ಕೆ ಹೇಳಿ" ಎಂದರು. ಮೂರನೆಯ ಸಲ, "ಹಸಿರು ಬಂದಿದೆಯಲ್ಲ ಅಣ್ಣಾ!"

ಆ ರಾತ್ರಿ ಬದಲಾವಣೆಗಳ ಇತಿಹಾಸವನ್ನು ತೆರೆದು ನೋಡಿದೆ. ಒಂದು ಸಾಲು. '20.04' ಅಳಿಸಿ 'ಲೇಟೆಸ್ಟ್' ಎಂದು ಬರೆದಿದ್ದರು, ಅಷ್ಟೇ. ಅಷ್ಟಕ್ಕೆ 12,000. ಎಷ್ಟೋ ಹೊತ್ತು ಆ ಒಂದು ಸಾಲನ್ನೇ ನೋಡುತ್ತ ಕುಳಿತಿದ್ದೆ.

ಆಗ ಲೇಟೆಸ್ಟ್ ಎಂದರೆ 24.04, ಅದರಲ್ಲಿರುವುದು ಜಿಲಿಬ್‌ಸಿ 2.39, ನಮ್ಮ ಅಂಗಡಿಗಳ ಕಂಪ್ಯೂಟರುಗಳ ಉಬುಂಟು 20.04ರಲ್ಲಿರುವುದು 2.31. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆಯಿಲ್ಲ ಎಂಬುದು ಈ ಕೆಲಸಕ್ಕೆ ಹಣ ಪಡೆಯುವವರಿಗೆ ಗೊತ್ತಿರಬೇಡವೇ? ಅಕ್ಕನ ಮಗ ಬಂದು, ರನ್ನರ್ (ಬಿಲ್ಡ್ ಓಡಿಸುವ ಗಿಟ್‌ಹಬ್‌ನ ಯಂತ್ರ) 24.04 ಆಗಿದ್ದರೂ ಬಿಲ್ಡ್ ಮಾತ್ರ ಅದರೊಳಗಿನ ಪ್ರತ್ಯೇಕ ಪರಿಸರವಾದ 20.04ರ ಕಂಟೈನರಿನೊಳಗೆ ನಡೆಯುವಂತೆ ಒಂದೇ ಸಂಜೆಯಲ್ಲಿ ಮಾಡಿಕೊಟ್ಟ. ಅಂಗಡಿಗಳ ಯಂತ್ರ ಹಳತೆಂಬುದು ಸುಳ್ಳಲ್ಲ, 20.04ರ ಸಾಮಾನ್ಯ ಬೆಂಬಲ ಆ ಮೇ ತಿಂಗಳಿಗೆ ಮುಗಿಯುವುದರಲ್ಲಿತ್ತು. ಆದರೆ ಅದನ್ನು ಹಣ ಕೇಳುವ ಮೊದಲು ಹೇಳಬೇಕಿತ್ತು.

ಖಾತೆಯನ್ನು ನಿಮ್ಮ ಇಮೇಲ್‌ನಲ್ಲೇ ಇಟ್ಟುಕೊಳ್ಳಿ. ಹಸಿರು ಗುರುತಿಗೆ ಹಣ ಕೊಡಬೇಡಿ, ಗ್ರಾಹಕರ ಯಂತ್ರದಲ್ಲಿ ಓಡಿಸಿ ತೋರಿಸಿದ ಮೇಲೆ ಕೊಡಿ.

ಹಣ ಹಿಂದಿರುಗಿಸಿ ಎಂದದ್ದಕ್ಕೆ ಉತ್ತರವೇ ಇಲ್ಲ. ಖಾತೆಯನ್ನಾದರೂ ನನ್ನ ಹೆಸರಿಗೆ ವರ್ಗಾಯಿಸಿ ಎಂದು ಕೇಳಿದ್ದಕ್ಕೆ ಮಾತ್ರ ಕೂಡಲೇ ಉತ್ತರ ಬಂತು: "ಅದು ಬೇರೆ ಕೆಲಸ ಅಣ್ಣಾ."