ಸೆಮರಾಂಗ್‌ನಲ್ಲಿ ಮನೆ ಹಿಡಿಯೋ ಮುಂಚೆ ‘ರೊಬ್’ ಅಂತ ಕೇಳಿ

ಗಾರ್ಮೆಂಟ್ಸ್ ಕೆಲಸದ ಮೇಲೆ ಇಂಡೋನೇಷ್ಯಾಕ್ಕೆ ಹೊರಟವರು ಯಾರಾದರೂ ಇದ್ದರೆ, ಅದರಲ್ಲೂ ಸೆಮರಾಂಗ್‌ಗೆ ಹೊರಟಿದ್ದರೆ, ಇದನ್ನು ಒಮ್ಮೆ ಓದಿ. ಅಲ್ಲಿ ನಾನು ಹತ್ತು ತಿಂಗಳ ಬಾಡಿಗೆ, ಒಂದು ಹೊಸ ಹಾಸಿಗೆ, ಊರಿಂದ ಹೊತ್ತುಕೊಂಡು ಹೋಗಿದ್ದ ಹತ್ತು ಕೆಜಿ ಸೋನಾ ಮಸೂರಿ, ಎಲ್ಲ ಕಳೆದುಕೊಂಡೆ. ಅಕ್ಕಿಯದೇ ಜಾಸ್ತಿ ಬೇಜಾರು.

ಸೆಮರಾಂಗ್ ಮಧ್ಯ ಜಾವಾ ಪ್ರಾಂತ್ಯದ ರಾಜಧಾನಿ. ಊರು ಎರಡು ಭಾಗ. ದಕ್ಷಿಣಕ್ಕೆ ಗುಡ್ಡ, ಅದು ‘ಮೇಲಿನ ಊರು’. ಉತ್ತರಕ್ಕೆ ಜಾವಾ ಸಮುದ್ರ, ಬಂದರು, ರೈಲು ನಿಲ್ದಾಣ, ಅದು ‘ಕೆಳಗಿನ ಊರು’. ಕೈಯಲ್ಲಿ ಕಾಸಿರುವವರು ಮೇಲೆ ಇರುತ್ತಾರೆ. ಯಾಕೆ ಅಂತ ನಾನು ಯೋಚನೆ ಮಾಡಲಿಲ್ಲ, ತಂಪು ಗಾಳಿಗೆ ಇರಬೇಕು ಅಂದುಕೊಂಡೆ. ನನ್ನ ಕಾರ್ಖಾನೆ ಇದ್ದದ್ದು ಬಂದರಿನ ಪಕ್ಕ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಬೆಂದು ಹೋಗಿದ್ದವನು, ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಸಾಕಾಗಿತ್ತು. 2022ರ ಮಾರ್ಚ್ ಕೊನೆಯಲ್ಲಿ ತಂಜುಂಗ್ ಮಾಸ್‌ನಲ್ಲಿ ಮನೆ ಹಿಡಿದೆ.

ಏರಿಯಾ ಕೆಟ್ಟದ್ದು ಅಂತ ದಯವಿಟ್ಟು ತಿಳಿಯಬೇಡಿ. ಒಂದು ತುದಿಯಲ್ಲಿ ಡಚ್ಚರ ಕಾಲದ ಹಳೇ ಪೇಟೆ, ಕೋಟಾ ಲಾಮಾ. ಅಲ್ಲಿ 1753ರ ಚರ್ಚ್ ಇದೆ. ಉಬ್ಬಿದ ಗುಮ್ಮಟ ನೋಡಿ ಜನ ಅದಕ್ಕೆ ‘ಬ್ಲೆಂಡುಕ್’ ಅಂತಲೇ ಹೆಸರಿಟ್ಟಿದ್ದಾರೆ. ಪಕ್ಕದಲ್ಲೇ ತವಾಂಗ್ ರೈಲು ನಿಲ್ದಾಣ. ಹಳಿ ದಾಟಿದರೆ ಬಂದರಿನ ಕೂಲಿಗಳು, ಕಾರ್ಖಾನೆಯ ಹೆಣ್ಣುಮಕ್ಕಳು, ಇನ್ನೂ ಮುಂದೆ ತಂಬಾಕ್ ಲೊರೊಕ್‌ನಲ್ಲಿ ಮೀನುಗಾರರು. ಸಂಜೆಯಾದರೆ ಬೀದಿಯೆಲ್ಲ ಒಣಮೀನಿನ ವಾಸನೆ. ನಾನು ಸೊಪ್ಪುಸದೆ ಗಿರಾಕಿ. ಆದರೂ ಬೀದಿ ಮೂಲೆಯ ವಾರುಂಗ್‌ನಲ್ಲಿ, ಅಂದರೆ ಪುಟ್ಟ ಊಟದಂಗಡಿಯಲ್ಲಿ, ಬುವಾಕ್ಕ ಕೊಡುತ್ತಿದ್ದ ಪೆಚೆಲ್ ತಿಂದು ಬದುಕಿದೆ. ಬೇಯಿಸಿದ ಸೊಪ್ಪಿನ ಮೇಲೆ ಕಡಲೆಕಾಯಿ ಚಟ್ನಿ ಸುರಿದ ಹಾಗಿರುತ್ತದೆ. (ಅಲ್ಲಿ ಹೆಂಗಸರನ್ನು ‘ಬು’ ಅಂತ ಕರೆಯುತ್ತಾರೆ. ನಮ್ಮ ಬಾಯಿಗೆ ‘ಅಕ್ಕ’ ಸೇರಿಸದಿದ್ದರೆ ಸಮಾಧಾನವಿಲ್ಲ.)

ಮನೆ ನೋಡಲು ಹೋದದ್ದು ಬೆಳಗ್ಗೆ ಹತ್ತಕ್ಕೆ. ಹೊಸ ಬಣ್ಣ, ಹೊಸ ಟೈಲ್ಸ್, ಪಳಪಳ. ಬಾಡಿಗೆ ವರ್ಷಕ್ಕೆ 1.2 ಕೋಟಿ ರೂಪಿಯಾ. ಹೆದರಬೇಡಿ, ನಮ್ಮ ದುಡ್ಡಲ್ಲಿ ಅರವತ್ತು ಸಾವಿರ ಚಿಲ್ಲರೆ. ಅಲ್ಲಿ ಮನೆ ಬಾಡಿಗೆಯನ್ನು ವರ್ಷದ್ದು ಒಟ್ಟಿಗೇ ಮುಂಗಡ ಕೇಳುವುದು ಮಾಮೂಲಿ. ಕೊಟ್ಟೆ.

ಆವತ್ತೇ ಕಣ್ಣಿಗೆ ಬಿದ್ದಿದ್ದ ವಿಷಯಗಳನ್ನು ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ. ಬೀದಿಯಿಂದ ಮನೆಗೆ ಹತ್ತುವುದಲ್ಲ, ಒಂದು ಗೇಣು ಇಳಿಯಬೇಕಿತ್ತು. ಬಾಗಿಲಿಗೆ ಅಡ್ಡಲಾಗಿ ಮೊಣಕಾಲೆತ್ತರ ಸಿಮೆಂಟಿನ ಕಟ್ಟೆ. ಕೋಳಿ ಒಳಗೆ ಬಾರದಿರಲಿ ಅಂತ ಇರಬೇಕು ಎಂದುಕೊಂಡೆ. ಕಿಟಕಿಯ ತಳ ನನ್ನ ಮೊಣಕಾಲಿಗೆ ಬರುತ್ತಿತ್ತು. ನಾನೇನೂ ಎತ್ತರದ ಆಳಲ್ಲ, ಆದರೂ ಒಳಗೆ ಹೋಗುವಾಗ ಬಾಗಿಲ ಚೌಕಟ್ಟು ಹಣೆಗೆ ಬಡಿಯಿತು. ಮಾಲೀಕರು ನಕ್ಕರು, ನಾನೂ ನಕ್ಕೆ.

ಕೇಳಲಿಲ್ಲ ಅಂತಲ್ಲ, ಕೇಳಿದೆ. ‘ಬಂಜಿರ್’ ಅಂದರೆ ಪ್ರವಾಹ, ಅಷ್ಟು ಭಾಷೆ ಕಲಿತುಕೊಂಡೇ ಹೋಗಿದ್ದೆ. “ಇಲ್ಲಿ ಬಂಜಿರ್ ಬರುತ್ತಾ ಪಾಕ್?” ಅಂದೆ. (ಗಂಡಸರನ್ನು ಅಲ್ಲಿ ‘ಪಾಕ್’ ಅನ್ನುತ್ತಾರೆ, ನಮ್ಮ ‘ಸಾರ್’ ಇದ್ದ ಹಾಗೆ.) “ಇಲ್ಲವೇ ಇಲ್ಲ ಪಾಕ್, ಬಂಜಿರ್ ಬರಲ್ಲ” ಅಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ. ಆಕಾಶದಲ್ಲಿ ಚೂರೂ ಮೋಡವಿಲ್ಲ. ಬಚ್ಚಲಲ್ಲಿ ಗುಳುಗುಳು ಅಂತ ಸದ್ದು. ಹೋಗಿ ನೋಡಿದರೆ ನೀರು ಹೋಗುವ ತೂತಿನಿಂದ ಕಪ್ಪು ನೀರು ಮೇಲಕ್ಕೆ ಉಕ್ಕುತ್ತಿತ್ತು. ಬೆಂಗಳೂರಿನವನಿಗೆ ನೀರು ಮೇಲಿನಿಂದ ಸುರಿಯುವುದು ಗೊತ್ತು, ರಾಜಕಾಲುವೆಯಿಂದ ನುಗ್ಗುವುದೂ ಗೊತ್ತು. ಬಿಸಿಲಲ್ಲಿ ನೆಲದಿಂದ ಎದ್ದು ಬರುವುದು ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಹೊಸ ಟೈಲ್ಸ್ ಕಾಣಿಸಲಿಲ್ಲ. ವಾರುಂಗ್‌ಗೆ ಓಡಿದೆ. ಬುವಾಕ್ಕ ಚಟ್ನಿ ಅರೆಯುತ್ತಲೇ ಹೇಳಿದರು: “ಅದು ಬಂಜಿರ್ ಅಲ್ಲ ಪಾಕ್. ಅದು ರೊಬ್.”

ಮಳೆಯಿಂದ ಬಂದರೆ ಬಂಜಿರ್. ಸಮುದ್ರ ಉಬ್ಬಿ ಬಂದರೆ ರೊಬ್. ಮಾಲೀಕರಿಗೆ ಫೋನ್ ಮಾಡಿದರೆ ಅದನ್ನೇ ಹೇಳಿದರು, ನೀವು ಕೇಳಿದ್ದು ಬಂಜಿರ್ ಬಗ್ಗೆ ಅಲ್ವಾ ಅಂತ.

ಬುವಾಕ್ಕ ತಮ್ಮ ಮನೆ ತೋರಿಸಿದರು. ಮೂರು ಸಲ ಮಣ್ಣು ತುಂಬಿಸಿ ನೆಲ ಎತ್ತರಿಸಿದ್ದಾರಂತೆ. ಅತ್ತೆ ಕಾಲದ ನೆಲ ಈಗಿನದಕ್ಕಿಂತ ಸೊಂಟದಷ್ಟು ಕೆಳಗಿದೆ. ನೆಲ ಏರಿತು, ಚಾವಣಿ ಅಲ್ಲೇ ಉಳಿಯಿತು. ಫ್ಯಾನ್ ಹಾಕಿದರೆ ತಲೆಗೆ ತಾಗುತ್ತೆ ಅಂತ ತೆಗೆದೇ ಬಿಟ್ಟಿದ್ದಾರೆ. ಆ ಭಾಗದ ನೆಲವೇ ಕುಸಿಯುತ್ತಿದೆ. ಅಡಿಯಲ್ಲಿರುವುದು ಇನ್ನೂ ಗಟ್ಟಿಯಾಗದ ಮೆಕ್ಕಲು ಮಣ್ಣು. ಅಂತರ್ಜಲ ಎಳೆದೂ ಎಳೆದೂ, ಮೇಲೆ ಕಟ್ಟಡಗಳ ಭಾರ ಹೇರಿ, ಕೆಲವು ಕಡೆ ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಇಳಿದದ್ದಿದೆ. ಪಕ್ಕದ ಕೆಮಿಜೆನ್‌ನಲ್ಲೇ 1864ರಲ್ಲಿ ಇಂಡೋನೇಷ್ಯಾದ ಮೊದಲ ರೈಲು ಮಾರ್ಗಕ್ಕೆ ಗುದ್ದಲಿ ಬಿದ್ದದ್ದು. ಆ ಹಳೇ ನಿಲ್ದಾಣದ ಅವಶೇಷ ಈಗ ಮನೆಗಳ ನಡುವೆ ಹೂತು ಹೋಗಿದೆ.

ಮೇ 23ರಂದು ಬಂದರಿನ ಕಡೆಯ ಒಡ್ಡು ಒಡೆಯಿತು. ಕಾರ್ಖಾನೆಗಳಲ್ಲಿ ಎದೆಮಟ್ಟ ನೀರು. ಹುಡುಗಿಯರು ಚಪ್ಪಲಿ, ಟಿಫನ್ ಡಬ್ಬಿ ತಲೆ ಮೇಲೆ ಹಿಡಿದು ಒಬ್ಬರ ಹಿಂದೊಬ್ಬರು ನಡೆದು ಹೊರಬಂದರು. ಬೈಕುಗಳ ಕನ್ನಡಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ನನ್ನ ಮನೆ, ಹಾಸಿಗೆ, ಅಕ್ಕಿ ಆವತ್ತೇ ಹೋದವು. ಉಪ್ಪು ನೀರು ನೋಡಿ, ಒಣಗಿಸಿದರೂ ಏನೂ ಉಳಿಯಲ್ಲ.

ದುಡ್ಡು ವಾಪಸ್ ಕೇಳಿದೆ. ಆ ಬೀದಿಯ ಮುಖಂಡರು, ಅಂದರೆ ಪಾಕ್ ಆರ್‌ಟಿ, ಪಾಪ ಒಳ್ಳೆಯವರು, ಇಬ್ಬರನ್ನೂ ಕೂರಿಸಿ ಟೀ ಕೊಟ್ಟು ಮಾತಾಡಿಸಿದರು. ಮಾಲೀಕರು ರಸೀದಿ ತೆಗೆದು ತೋರಿಸಿದರು. ವಾಪಸ್ ಅನ್ನುವ ಪದವೇ ಅದರಲ್ಲಿ ಇರಲಿಲ್ಲ. ಓದದೆ ಸಹಿ ಹಾಕಿದ್ದು ನಾನೇ.

ಅದಕ್ಕೇ ಹೇಳುವುದು, ಕೆಳಗಿನ ಊರಲ್ಲಿ ಮನೆ ನೋಡುವುದಿದ್ದರೆ ಬಂಜಿರ್ ಅಂತ ಕೇಳಬೇಡಿ, ರೊಬ್ ಅಂತ ಕೇಳಿ. ಅದೂ ಮಾಲೀಕರನ್ನಲ್ಲ, ಮೂಲೆಯ ವಾರುಂಗ್‌ನಲ್ಲಿ ಕೇಳಿ. ಹುಣ್ಣಿಮೆಯೋ ಅಮಾವಾಸ್ಯೆಯೋ ನೋಡಿಕೊಂಡು ಇನ್ನೊಂದು ಸಲ ಹೋಗಿ. ಮೇ, ಜೂನ್ ಆದರೆ ಇನ್ನೂ ಒಳ್ಳೆಯದು, ಆಗಲೇ ನೀರಿನ ಆಟ ಜೋರು. ಹೊಸ ಬಣ್ಣ ನೋಡಿ ಖುಷಿಪಡಬೇಡಿ, ಬಾಗಿಲ ತಿರುಗಣಿಯ ತುಕ್ಕು ನೋಡಿ. ಅಕ್ಕಪಕ್ಕದ ಮನೆಗಳಲ್ಲಿ ಬೀರು, ಫ್ರಿಜ್ ಇಟ್ಟಿಗೆ ಮೇಲೆ ಕೂತಿದ್ದರೆ ಅಲ್ಲಿಂದಲೇ ತಿರುಗಿ. ಮೊದಲ ಎರಡು ತಿಂಗಳು ‘ಕೊಸ್’ ಹಿಡಿಯಿರಿ, ಅಂದರೆ ತಿಂಗಳ ಲೆಕ್ಕದ ಬಾಡಿಗೆ ರೂಮು. ಆಮೇಲೆ ತಂಬಾಕ್ ಲೊರೊಕ್ ಕಡೆ ಸಮುದ್ರಕ್ಕೆ ತಡೆಗೋಡೆ ಕಟ್ಟಿದ್ದಾರೆ, ನಿಜ. ನೆಲ ಇಳಿಯುವುದನ್ನು ಗೋಡೆ ತಡೆಯಲ್ಲ.

ನಾನು ಮೇಲಿನ ಊರಿಗೆ, ಬನ್ಯುಮಾನಿಕ್‌ಗೆ ಹೋದೆ. ಬಾಡಿಗೆ ಜಾಸ್ತಿ, ಟ್ರಾಫಿಕ್ಕೂ ಜಾಸ್ತಿ. ಪೆಚೆಲ್ ಆಸೆಗೆ ಆಗಾಗ ಇಳಿದು ಬರುತ್ತಿದ್ದೆ. ಆಗಸ್ಟ್‌ನಲ್ಲಿ ಒಮ್ಮೆ ಬಂದಾಗ ನನ್ನ ಹಳೇ ಮನೆಗೆ ಮತ್ತೆ ಹೊಸ ಬಣ್ಣ ಬಂದಿತ್ತು, ಈ ಸಲ ತಿಳಿ ಹಸಿರು. ಬಾಗಿಲಿಗೆ ಬೋರ್ಡು: ‘ಬಾಡಿಗೆಗಿದೆ. ಬಂಜಿರ್ ಇಲ್ಲ.’